ಚಂಡೀಗಢದ ಕುರ್ಚಿ ನಮ್ಮ ವಾಚನಾಲಯಕ್ಕೂ ಬರಲಿ

ಕೆಲವು ವರ್ಷಗಳಿಂದ ಬೆಂಗಳೂರಿನ ದುಬಾರಿ ಪೀಠೋಪಕರಣ ಮಳಿಗೆಗಳಲ್ಲಿ, ಹೊಸ ಹೋಟೆಲುಗಳ ಪಡಸಾಲೆಗಳಲ್ಲಿ, ಸಿರಿವಂತರ ಮನೆಗಳ ಚಿತ್ರಗಳಲ್ಲಿ ಒಂದೇ ಬಗೆಯ ಕುರ್ಚಿ ಮತ್ತೆ ಮತ್ತೆ ಕಾಣಿಸುತ್ತಿದೆ. ತೇಗದ ದಪ್ಪ ಚೌಕಟ್ಟು, ಬೆತ್ತದ ಆಸನ, ಬೆತ್ತದ ಒರಗು, ಎರಡು ಬದಿಗಳಲ್ಲಿಯೂ ಬಾಳೆಗೊನೆಗೆ ಊರುಗೋಲು ಕೊಟ್ಟಂತೆ ಓರೆಯಾಗಿ ನಿಂತು ತೋಳಿನ ಕೆಳಗೆ ಒಂದಾಗುವ ಕಾಲುಗಳು. ಇದನ್ನು ಮಾರುವವರೂ ಕೊಳ್ಳುವವರೂ ಚಂಡೀಗಢ ಚೇರ್ ಎಂದು ಕರೆಯುತ್ತಾರೆ. ಈ ಕುರ್ಚಿಯನ್ನು ಎಪ್ಪತ್ತು ವರ್ಷಗಳ ಹಿಂದೆ ಸರಕಾರಿ ಗುಮಾಸ್ತರು ಕೂರಲೆಂದು, ವಿಶ್ವವಿದ್ಯಾಲಯದ ಹುಡುಗರು ಓದಲೆಂದು, ಕಚೇರಿಗೆ ಅರ್ಜಿ ಹಿಡಿದುಕೊಂಡು ಬಂದವರು ಕಾಯಲೆಂದು ರೂಪಿಸಲಾಗಿತ್ತು. ಅದರ ಮರುತಯಾರಿ ಈಗ ನಮ್ಮ ದೇಶದಲ್ಲಿಯೂ ಹೊರದೇಶದಲ್ಲಿಯೂ ನಡೆಯುತ್ತಿದೆ. ಆದರೆ ಅದು ಯಾವ ಕಟ್ಟಡಗಳಿಗಾಗಿ ಹುಟ್ಟಿತೋ ಅಂಥ ಕಟ್ಟಡಗಳಿಗೆ ಮಾತ್ರ ಇನ್ನೂ ಹಿಂದಿರುಗಿಲ್ಲ.

ನಾನು ಈ ವಿಷಯವನ್ನು ಇಷ್ಟು ಗಮನವಿಟ್ಟು ನೋಡಲು ಒಂದು ಕಾರಣವಿದೆ. ಬದಿಯಡ್ಕದ ಸಮೀಪ ಇರುವ ನಮ್ಮೂರಿನ ವಾಚನಾಲಯದ ಸಮಿತಿಯಲ್ಲಿ ನಾನೂ ಒಬ್ಬಳು ಸದಸ್ಯೆ. ಕೇರಳದ ಗ್ರಾಮೀಣ ವಾಚನಾಲಯಗಳಿಗೆ ದೊಡ್ಡ ಪರಂಪರೆಯಿದೆ; ಪಿ. ಎನ್. ಪಣಿಕ್ಕರ್ ಅವರ ಮುಂದಾಳ್ತನದಲ್ಲಿ 1945ರಲ್ಲಿ ತಿರುವಾಂಕೂರಿನಲ್ಲಿ ಆರಂಭವಾದ ಗ್ರಂಥಾಲಯ ಸಂಘದ ಚಳವಳಿ ಮುಂದೆ ಮಲಬಾರಿಗೂ, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿಗೂ ಹಬ್ಬಿತು. ಬೆಳಗ್ಗೆ ಬಂದು ಕನ್ನಡ ಪತ್ರಿಕೆಯನ್ನೂ ಮಲಯಾಳ ಪತ್ರಿಕೆಯನ್ನೂ ಒಂದಾದ ಮೇಲೊಂದರಂತೆ ಓದುವ ಹಿರಿಯರು, ಪರೀಕ್ಷೆಗೆ ತಯಾರಿ ಮಾಡುವ ಮಕ್ಕಳು ನಮ್ಮಲ್ಲಿಯೂ ಇದ್ದಾರೆ. ಅವರು ಕೂರುವುದು ಮಾತ್ರ ಕಾಲು ಹಿಂದಕ್ಕೆ ಬಾಗಿ ಬಿರುಕು ಬಿಡುವ ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ಒಡೆದ ಪ್ಲಾಸ್ಟಿಕ್ ಕುರ್ಚಿಯನ್ನು ಯಾರೂ ದುರಸ್ತಿ ಮಾಡಲಾರರು, ಅದನ್ನು ಹಿತ್ತಿಲಿಗೆ ಸಾಗಿಸಿ ಹೊಸದನ್ನು ತರುವುದೇ ರೂಢಿ. ಈ ವರ್ಷ ಕುರ್ಚಿಗಳಿಗೆಂದು ಸ್ವಲ್ಪ ಹಣ ಒದಗುವ ಸಾಧ್ಯತೆ ಇರುವುದರಿಂದ, ಸಾರ್ವಜನಿಕ ಕಟ್ಟಡಕ್ಕೆ ತಕ್ಕ ಮರದ ಕುರ್ಚಿ ಹೇಗಿರಬೇಕು ಎಂದು ವಿಚಾರಿಸತೊಡಗಿದೆ. ವಿಚಾರಣೆ ಚಂಡೀಗಢದವರೆಗೆ ಹೋಯಿತು.

ದೇಶ ವಿಭಜನೆಯಾದಾಗ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು, ಭಾರತದ ಪಂಜಾಬಿಗೆ ರಾಜಧಾನಿಯೇ ಇಲ್ಲದಂತಾಯಿತು. ಹೊಸ ನಗರದ ಮೊದಲ ನಕ್ಷೆಯನ್ನು ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಪೋಲೆಂಡಿನ ಮ್ಯಾಥ್ಯೂ ನೊವಿಟ್ಸ್ಕಿ ಮಾಡಿದ್ದರು. 1950ರಲ್ಲಿ ನೊವಿಟ್ಸ್ಕಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಕೆಲಸ ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಕೈಗೆ ಬಂತು. 1951ರಲ್ಲಿ ಅವರೊಂದಿಗೆ ಅವರ ದಾಯಾದಿ ಪಿಯರ್ ಜೀನೆರೆ, ಇಂಗ್ಲೆಂಡಿನ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ಬಂದರು. ಕಾರ್ಬೂಸಿಯೆ ವರ್ಷಕ್ಕೆ ಒಂದೆರಡು ಸಲ ಬಂದು ಹೋಗುತ್ತಿದ್ದರು, ಜೀನೆರೆ ಅಲ್ಲಿಯೇ ಮನೆ ಮಾಡಿ ನಿಂತರು. ಸುಮಾರು ಹದಿನಾಲ್ಕು ವರ್ಷ ಆ ನಗರದ ಬಿಸಿಲು ಧೂಳುಗಳ ನಡುವೆ ಇದ್ದು, ಸರಕಾರಿ ನೌಕರರ ಮನೆಗಳು, ಶಾಲೆಗಳು, ಪಂಜಾಬ್ ವಿಶ್ವವಿದ್ಯಾಲಯದ ಗಾಂಧಿ ಭವನ ಮುಂತಾದವುಗಳನ್ನು ಕಟ್ಟಿಸಿ, ಆರೋಗ್ಯ ಕೆಟ್ಟ ಕಾರಣ 1965ರಲ್ಲಿ ಊರಿಗೆ ಹಿಂದಿರುಗಿದರು. 1967ರಲ್ಲಿ ಜಿನೀವಾದಲ್ಲಿ ಅವರು ತೀರಿಕೊಂಡ ಮೇಲೆ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಚಂಡೀಗಢದ ಸುಖನಾ ಕೆರೆಯಲ್ಲಿ ವಿಸರ್ಜಿಸಿದರು. ಅವರಿದ್ದ ಐದನೇ ಸೆಕ್ಟರಿನ ಐದನೇ ನಂಬರಿನ ಮನೆ ಈಗ ವಸ್ತುಸಂಗ್ರಹಾಲಯ.

ಒಂದು ಇಡೀ ರಾಜಧಾನಿ ಒಮ್ಮೆಲೇ ಎದ್ದು ನಿಂತಾಗ ಅದಕ್ಕೆ ಬೇಕಾಗುವ ಕುರ್ಚಿ, ಮೇಜು, ಬೆಂಚು, ಮಂಚ, ಪುಸ್ತಕದ ಕಪಾಟುಗಳ ಸಂಖ್ಯೆಯನ್ನು ಊಹಿಸಿಕೊಳ್ಳಬೇಕು. ಸಚಿವಾಲಯ, ಉಚ್ಚ ನ್ಯಾಯಾಲಯ, ವಿಧಾನಸಭೆ, ಕಾಲೇಜು, ವಿದ್ಯಾರ್ಥಿ ನಿಲಯ, ಆಸ್ಪತ್ರೆ ಎಲ್ಲವೂ ಬರಿದಾಗಿದ್ದವು. ಹೊರದೇಶದಿಂದ ತರಿಸಲು ಹಣವಿರಲಿಲ್ಲ, ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕಾರ್ಖಾನೆಗಳೂ ಸಮೀಪದಲ್ಲಿ ಇರಲಿಲ್ಲ. ಇದ್ದದ್ದು ತೇಗ, ನಮ್ಮ ಬೀಟೆಯ ಹತ್ತಿರದ ಸಂಬಂಧಿಯಾದ ಶೀಶಮ್ ಮರ, ಬೆತ್ತ ಮತ್ತು ಉಳಿ ಗರಗಸ ಹಿಡಿದ ಬಡಗಿಗಳು. ಈ ನಾಲ್ಕರಿಂದಲೇ ಆಗುವ ವಿನ್ಯಾಸಗಳನ್ನು ಜೀನೆರೆ ಮತ್ತು ಅವರ ಜೊತೆಗಿದ್ದ ಭಾರತೀಯ ವಾಸ್ತುಶಿಲ್ಪಿಗಳು ಮಾಡಿದರು. ಆ ಭಾರತೀಯರಲ್ಲಿ ಯೂಲಿ ಚೌಧರಿ ಅವರ ಹೆಸರನ್ನು ನಾನು ವಿಶೇಷವಾಗಿ ಹೇಳಬಯಸುತ್ತೇನೆ. ಪೀಠೋಪಕರಣದ ಕೆಲಸದಲ್ಲಿ ಜೀನೆರೆಯವರ ಜೊತೆಗಿದ್ದ ಆಕೆ ಮುಂದೆ ಪಂಜಾಬಿನ ಮುಖ್ಯ ವಾಸ್ತುಶಿಲ್ಪಿಯ ಹುದ್ದೆಗೂ ಏರಿದರು. ಹೀಗಿದ್ದರೂ ಹರಾಜಿನ ಪಟ್ಟಿಗಳಲ್ಲಿ ಬಹುಕಾಲ ಜೀನೆರೆ ಎಂಬ ಒಂದೇ ಹೆಸರು ಅಚ್ಚಾಗುತ್ತಿತ್ತು. ಬಡಗಿಗಳ ಹೆಸರಂತೂ ಎಲ್ಲಿಯೂ ಇಲ್ಲ.

ನಕ್ಷೆಗಳನ್ನು ಬೇರೆ ಬೇರೆ ಕಾರ್ಯಾಗಾರಗಳಿಗೆ ಹಂಚಿ ಕೆಲಸ ಮಾಡಿಸಿದ್ದರಿಂದ ಒಂದೇ ಮಾದರಿಯ ಎರಡು ಕುರ್ಚಿಗಳು ತದ್ವತ್ ಒಂದೇ ರೀತಿ ಇರುವುದಿಲ್ಲ. ಒಂದರ ತೋಳು ಸ್ವಲ್ಪ ದಪ್ಪ, ಇನ್ನೊಂದರ ಕಾಲಿನ ಓರೆ ಸ್ವಲ್ಪ ಕಡಿಮೆ. ಈ ವ್ಯತ್ಯಾಸವನ್ನು ನಾನು ದೋಷವೆಂದು ತಿಳಿಯುವುದಿಲ್ಲ. ಸಣ್ಣಪುಟ್ಟ ಅಳತೆ ತಪ್ಪಿದರೂ ಕುರ್ಚಿ ಕುರ್ಚಿಯಾಗಿಯೇ ಉಳಿಯುವಷ್ಟು ಗಟ್ಟಿಯಾದ ವಿನ್ಯಾಸ ಅದಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಯಾವ ಊರಿನ ಯಾವ ಬಡಗಿ ಮಾಡಿದರೂ ಆಗಬೇಕು ಎಂಬ ಷರತ್ತನ್ನು ಮೊದಲೇ ಒಪ್ಪಿಕೊಂಡು ಗೆರೆ ಎಳೆದ ವಿನ್ಯಾಸಕಾರರು ಬಹಳ ಜನ ಇರಲಾರರು.

ಮರುತಯಾರಿಯ ಒಂದು ಕುರ್ಚಿಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಬೆಂಗಳೂರಿನಲ್ಲಿ, ನನ್ನ ಚಿಕ್ಕಪ್ಪನ ಮಗನ ಮನೆಯಲ್ಲಿ ಸಿಕ್ಕಿತು. ಅವನ ಅನುಮತಿ ಪಡೆದು, ನೆಲದಲ್ಲಿ ಬೆಡ್‌ಶೀಟ್ ಹಾಸಿ, ಕುರ್ಚಿಯನ್ನು ಕವುಚಿ ಹಾಕಿ ಪರೀಕ್ಷಿಸಿದೆ. ಬದಿಯಿಂದ ನೋಡಿದರೆ ಮುಂದಿನ ಕಾಲು ಹಿಂದಕ್ಕೂ ಹಿಂದಿನ ಕಾಲು ಮುಂದಕ್ಕೂ ಓರೆಯಾಗಿ ಏರಿ ತೋಳುಹಲಗೆಯ ಕೆಳಗೆ ಕೂಡುತ್ತವೆ. ಆ ಎರಡನ್ನೂ ನಡುವೆ ಒಂದು ಅಡ್ಡಪಟ್ಟಿ ಹಿಡಿದಿದೆ. ಹೀಗೆ ಕುರ್ಚಿಯ ಪ್ರತಿ ಬದಿಯೂ ಒಂದು ತ್ರಿಕೋನವಾಗುತ್ತದೆ. ನಮ್ಮ ಶಾಲೆಗಳಲ್ಲಿ ಇರುವ ನೇರ ಕಾಲಿನ ಮರದ ಕುರ್ಚಿಗಳನ್ನು ನೋಡಿ: ಜನ ಹಿಂದಕ್ಕೆ ವಾಲಿ ವಾಲಿ ಹಿಂಗಾಲು ಮತ್ತು ಆಸನ ಸೇರುವಲ್ಲಿ ಜೋಡಣೆ ಸಡಿಲವಾಗಿ ಕುರ್ಚಿ ಇಡೀ ಓಲಾಡುತ್ತಿರುತ್ತದೆ. ಚೌಕದ ಮೂಲೆಗಳು ಸಡಿಲವಾದರೆ ಚೌಕ ವಾರೆಯಾಗುತ್ತದೆ, ತ್ರಿಕೋನ ಹಾಗೆ ವಾರೆಯಾಗಲಾರದು. ಛಾವಣಿಯ ಜಂತಿ ಕಟ್ಟುವ ಯಾವ ಬಡಗಿಗೂ ಗೊತ್ತಿರುವ ಈ ಸತ್ಯವನ್ನು ಇಲ್ಲಿ ಕುರ್ಚಿಗೆ ತಂದಿದ್ದಾರೆ. ಕಾಲುಗಳು ಜೋಡಣೆ ಬರುವಲ್ಲಿ ಅಗಲವಾಗಿದ್ದು ನೆಲದ ಕಡೆಗೆ ಕಿರಿದಾಗುತ್ತವೆ. ಹೆಚ್ಚು ಮರ ಬೇಕಾದಲ್ಲಿ ಹೆಚ್ಚು ಇದೆ, ಬೇಡವಾದಲ್ಲಿ ಕಡಿಮೆ ಇದೆ. ಆಸನದ ಚೌಕಟ್ಟೂ ಒರಗಿನ ಚೌಕಟ್ಟೂ ಈ ಎರಡು ಬದಿಗಳ ನಡುವೆ ಪ್ರತ್ಯೇಕವಾಗಿ ನಿಂತಿವೆ. ಅಲಂಕಾರಕ್ಕೆಂದು ಕೆತ್ತಿದ ಒಂದು ಗೆರೆಯೂ ಕಾಣಲಿಲ್ಲ.

ಬೆತ್ತದ ಕೆಲಸವನ್ನು ನೋಡುವಾಗ ನನಗೆ ಹೆಚ್ಚು ಹೊತ್ತು ಹಿಡಿಯಿತು. ಬೆತ್ತದ ಕುರ್ಚಿಗಳಲ್ಲಿ ಎರಡು ವಿಧ. ಯಂತ್ರದಲ್ಲಿ ನೇಯ್ದು ಸುರುಳಿಯಾಗಿ ಬರುವ ಬೆತ್ತದ ಹಾಳೆಯನ್ನು ಚೌಕಟ್ಟಿನ ಸುತ್ತ ತೋಡಿದ ಗಾಡಿಯೊಳಕ್ಕೆ (ಸಣ್ಣ ಕಾಲುವೆಯೊಳಕ್ಕೆ) ಒತ್ತಿ, ಮೇಲಿನಿಂದ ಒಂದು ಎಳೆಯನ್ನು ಅಂಟಿನಿಂದ ಕೂರಿಸುವುದು ಒಂದು ವಿಧ. ಅದು ಬೇಗ ಮುಗಿಯುವ ಕೆಲಸ. ಇನ್ನೊಂದು, ಚೌಕಟ್ಟಿನ ಸುತ್ತಲೂ ಸಾಲಾಗಿ ತೂತು ಕೊರೆದು, ನೀರಿನಲ್ಲಿ ನೆನೆಸಿದ ಬೆತ್ತದ ಎಳೆಗಳನ್ನು ತೂತಿನಿಂದ ತೂತಿಗೆ ಕೈಯಲ್ಲೇ ಎಳೆದು ಹೆಣೆಯುವುದು. ಮೊದಲು ಉದ್ದಕ್ಕೆ, ಮೇಲೆ ಅಡ್ಡಕ್ಕೆ, ಮತ್ತೊಮ್ಮೆ ಉದ್ದಕ್ಕೆ, ಮತ್ತೊಮ್ಮೆ ಅಡ್ಡಕ್ಕೆ ಹೆಣೆದು, ಅನಂತರ ಎರಡು ಕರ್ಣಗಳಲ್ಲಿ ಒಂದೊಂದು ಸುತ್ತು ಎಳೆದು, ಕೊನೆಗೆ ತೂತುಗಳು ಕಾಣದಂತೆ ಅಂಚಿಗೆ ಒಂದು ಅಗಲ ಎಳೆ ಕಟ್ಟುತ್ತಾರೆ. ಆಗ ಎಂಟು ಮೂಲೆಯ ಸಣ್ಣ ಕಣ್ಣುಗಳ ಜಾಲ ಮೂಡುತ್ತದೆ. ನೆನೆದ ಬೆತ್ತ ಒಣಗುವಾಗ ಬಿಗಿಯಾಗುವುದರಿಂದ ಕೂತಾಗ ಸ್ವಲ್ಪವೇ ತಗ್ಗಿ ಮತ್ತೆ ಮೇಲೇಳುವ ಗುಣ ಅದಕ್ಕೆ ಬರುತ್ತದೆ. ನಾನು ಕವುಚಿ ಹಾಕಿದ ಕುರ್ಚಿಯ ಅಡಿಯಲ್ಲಿ ತೂತಿನಿಂದ ತೂತಿಗೆ ಹಾದ ಎಳೆಗಳೂ, ಎಳೆ ಮುಗಿದಲ್ಲಿ ಹಾಕಿದ ಗಂಟುಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಇದು ಕೈಯಲ್ಲಿ ಹೆಣೆದದ್ದೇ ಎಂದು ಸಂತೋಷವಾಯಿತು. ಹಾಳೆಯ ಬೆತ್ತ ಹರಿದರೆ ಅಂಟು ಕಿತ್ತು, ಗಾಡಿ ಕೆರೆದು, ಅಳತೆಗೆ ಸರಿಯಾದ ಹೊಸ ಹಾಳೆ ತರಿಸಬೇಕು. ತೂತಿನ ಬೆತ್ತಕ್ಕಾದರೆ ಒಂದು ಕಟ್ಟು ಎಳೆ, ಒಂದು ಬಕೆಟ್ ನೀರು ಮತ್ತು ಅಭ್ಯಾಸವಿರುವ ಎರಡು ಕೈ ಸಾಕು.

ಅಂಥ ಕೈಗಳು ನಮ್ಮ ಕಡೆಯೂ ಇದ್ದವು. ನಾನು ಓದಿದ ಶಾಲೆಯಲ್ಲಿ ಮದ್ರಾಸ್ ಸರಕಾರದ ಕಾಲದಿಂದ ಉಳಿದುಬಂದ ಬೆತ್ತದ ಆಸನದ ಕುರ್ಚಿಗಳಿದ್ದವು. ಬೇಸಗೆ ರಜೆಯಲ್ಲಿ ಒಬ್ಬರು ಬಂದು ಜಗಲಿಯಲ್ಲಿ ಕೂತು ಹರಿದ ಆಸನಗಳನ್ನು ಹೊಸದಾಗಿ ಹೆಣೆದು ಹೋಗುತ್ತಿದ್ದರು. ದೃಷ್ಟಿಯಿಲ್ಲದವರಿಗೆ ಕುರ್ಚಿಯ ಬೆತ್ತ ಹೆಣೆಯುವ ತರಬೇತಿ ಕೊಟ್ಟು ಸರಕಾರಿ ಕಚೇರಿಗಳಲ್ಲಿ ಆ ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲ ಇತ್ತು. ಬೆರಳಿನ ಸ್ಪರ್ಶದಿಂದಲೇ ತೂತು ಎಣಿಸಿ, ಎಳೆಯ ನುಣುಪು ಬದಿ ಒರಟು ಬದಿ ತಿಳಿದು ಅವರು ಹೆಣೆಯುತ್ತಿದ್ದರು. ಕಚೇರಿಗಳಿಗೆ ಸ್ಟೀಲಿನ ಮತ್ತು ಕುಶನ್ನಿನ ಕುರ್ಚಿಗಳು ಬಂದಂತೆ ಆ ಕೆಲಸವೂ ಇಲ್ಲದಾಯಿತು. ಒಂದು ಕುರ್ಚಿಯ ವಿನ್ಯಾಸ ಬದಲಾದರೆ ಯಾರ ಯಾರ ಅನ್ನ ಹೋಗುತ್ತದೆ ಎಂಬುದನ್ನು ಟೆಂಡರು ಕರೆಯುವವರು ಲೆಕ್ಕ ಹಾಕುವುದಿಲ್ಲ.

ಚಂಡೀಗಢದಲ್ಲಿಯೂ ಅದೇ ನಡೆಯಿತು. ಬೆತ್ತ ಹರಿದ, ಕಾಲು ಸಡಿಲವಾದ ಕುರ್ಚಿಗಳು ಕಟ್ಟಡಗಳ ತಾರಸಿಗಳಲ್ಲಿ, ಉಗ್ರಾಣಗಳಲ್ಲಿ ರಾಶಿ ಬಿದ್ದವು. ದುರಸ್ತಿಗಿಂತ ವಿಲೇವಾರಿ ಸುಲಭವೆಂದು ಇಲಾಖೆಗಳು ಅವನ್ನು ಗುಜರಿಯ ಲೆಕ್ಕದಲ್ಲಿ ಹರಾಜು ಹಾಕತೊಡಗಿದವು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪ್ಯಾರಿಸಿನ ಕೆಲವು ವ್ಯಾಪಾರಿಗಳ ಕಣ್ಣು ಈ ರಾಶಿಗಳ ಮೇಲೆ ಬಿತ್ತು. ಅವರು ಸರಕಾರಿ ಹರಾಜಿನಲ್ಲಿ ಕಾನೂನುಬದ್ಧವಾಗಿಯೇ ಕೊಂಡು, ಹಡಗಿಗೆ ಹಾಕಿ ಸಾಗಿಸಿ, ಮರ ತೀಡಿ ಬೆತ್ತ ಹೆಣೆಸಿ, ಯುರೋಪು ಮತ್ತು ಅಮೆರಿಕದಲ್ಲಿ ಮಾರಿದರು. 2007ರ ಹೊತ್ತಿಗೆ ನ್ಯೂಯಾರ್ಕಿನ ಕ್ರಿಸ್ಟೀಸ್‌ನಂಥ ಹರಾಜು ಮನೆಗಳಲ್ಲಿ ಇವು ಕಾಣಿಸಿಕೊಂಡವು. ನಗರದ ನಕ್ಷೆಯನ್ನೇ ಅಚ್ಚೊತ್ತಿದ ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳಗಳು ಕೂಡ ಹರಾಜಿಗೆ ಬಂದವು. ಕುರ್ಚಿಯ ಹಿಂಭಾಗದಲ್ಲಿ ಕಚೇರಿಯ ಗುಮಾಸ್ತ ಬಣ್ಣದಲ್ಲಿ ಬರೆಸಿದ್ದ ಇಲಾಖೆಯ ಹೆಸರೂ ಸಂಖ್ಯೆಯೂ, ಇದು ಅಸಲಿ ಎಂಬುದಕ್ಕೆ ಪುರಾವೆಯಾಗಿ ಬೆಲೆ ಏರಿಸಿದವು. ಹಳೆಯ ಮರ ತಂದು ಅಂಥದೇ ಅಕ್ಷರ ಬರೆದು ನಕಲಿ ಮಾರುವವರೂ ಹಿಂದೆಯೇ ಹುಟ್ಟಿಕೊಂಡರು.

ಇದನ್ನು ತಡೆಯಲು ಕಾನೂನು ಇರಲಿಲ್ಲವೇ ಎಂದು ಕೇಳಬಹುದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ಪುರಾವಸ್ತು ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷ ಆಗಿರಬೇಕು. ಹಸ್ತಪ್ರತಿ ಮೊದಲಾದವುಗಳಿಗೆ ಎಪ್ಪತ್ತೈದು ವರ್ಷ. ಸಾಂಸ್ಕೃತಿಕ ಸೊತ್ತಿನ ಕಳ್ಳಸಾಗಣೆಯ ವಿರುದ್ಧ ಯುನೆಸ್ಕೊ 1970ರಲ್ಲಿ ಮಾಡಿದ ಒಪ್ಪಂದವೂ ಪೀಠೋಪಕರಣದ ವಿಷಯದಲ್ಲಿ ನೂರು ವರ್ಷದ ಮಿತಿಯನ್ನೇ ಹೇಳುತ್ತದೆ. ಐವತ್ತರ ದಶಕದ ಕುರ್ಚಿ ಯಾವ ಲೆಕ್ಕಕ್ಕೂ ಸಿಗಲಿಲ್ಲ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಚಂಡೀಗಢದ ಪಾರಂಪರಿಕ ಪೀಠೋಪಕರಣಗಳ ಮಾರಾಟಕ್ಕೆ ತಡೆ ಹಾಕಿತು. ಆಮೇಲೆ ನಡೆದ ಗಣತಿಯಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ವಸ್ತುಗಳು ಪಟ್ಟಿಯಾದವು. 2016ರಲ್ಲಿ ಅಲ್ಲಿನ ಸಚಿವಾಲಯ, ವಿಧಾನಸಭೆ, ಉಚ್ಚ ನ್ಯಾಯಾಲಯಗಳಿರುವ ಕ್ಯಾಪಿಟಲ್ ಕಾಂಪ್ಲೆಕ್ಸ್, ಏಳು ದೇಶಗಳಲ್ಲಿ ಹರಡಿರುವ ಕಾರ್ಬೂಸಿಯೆಯವರ ಹದಿನೇಳು ನಿರ್ಮಾಣಗಳಲ್ಲಿ ಒಂದಾಗಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೂ ಹಿಂದೆಯೇ ಹೊರಗೆ ಹೋದದ್ದು ಹೋಯಿತು. ಪ್ಯಾರಿಸಿನ ವ್ಯಾಪಾರಿಗಳನ್ನು ಮಾತ್ರ ದೂರುವುದು ನನಗೆ ಸರಿ ಕಾಣುವುದಿಲ್ಲ. ನಾವು ಬಿಸಾಡಿದ್ದರಲ್ಲಿ ಬೆಲೆಯನ್ನು ಕಂಡವರು ಅವರು. ಕಣ್ಣೆದುರಿನ ಕುರ್ಚಿಯನ್ನು ನಾಲ್ಕು ಎಳೆ ಬೆತ್ತ ಹಾಕಿಸಿ ಉಳಿಸಿಕೊಳ್ಳಬೇಕೆಂದು ಯಾವ ಉಗ್ರಾಣದ ನಿಯಮವೂ ಹೇಳದಿದ್ದುದೇ ಮೂಲ ಕಾರಣ.

ಅಸಲಿ ಕುರ್ಚಿ ಅಪರೂಪವಾದಾಗ ಮರುತಯಾರಿಗೆ ದಾರಿ ತೆರೆಯಿತು. ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಸಂಸ್ಥೆ ಸುಮಾರು ಒಂದು ದಶಕದಿಂದ ಚಂಡೀಗಢದ ವಿನ್ಯಾಸಗಳನ್ನು ತೇಗ ಮತ್ತು ಬೆತ್ತದಲ್ಲಿ ಕೈಕೆಲಸದವರಿಂದ ಮಾಡಿಸಿ ದೇಶ ವಿದೇಶಗಳಿಗೆ ಕಳುಹಿಸುತ್ತಿದೆ. ಇಟಲಿಯ ಕಸೀನಾ ಕಂಪೆನಿ 2019ರಲ್ಲಿ ಜೀನೆರೆಯವರಿಗೆ ಗೌರವಾರ್ಪಣೆ ಎಂಬ ಹೆಸರಿನಲ್ಲಿ ಇದೇ ಕುಟುಂಬದ ಕುರ್ಚಿ ಮೇಜುಗಳನ್ನು ತೇಗ ಮತ್ತು ಓಕ್ ಮರಗಳಲ್ಲಿ ಹೊರತಂದಿತು. ಮರುತಯಾರಿ ಎಂದರೆ ನಕಲು ಎಂದು ಮೂಗು ಮುರಿಯುವವರ ಜೊತೆ ನಾನು ಸೇರುವುದಿಲ್ಲ. ಕುರ್ಚಿ ಒಂದೇ ಪ್ರತಿಯ ಚಿತ್ರವಲ್ಲ, ಅದು ಮೊದಲಿನಿಂದಲೂ ಸಾವಿರಾರು ಪ್ರತಿಗಳಿಗೆಂದೇ ಬರೆದ ನಕ್ಷೆ. ಇಂದಿನ ಬಡಗಿ ಅದೇ ಮರದಲ್ಲಿ ಅದೇ ಜೋಡಣೆಯಿಂದ ಮಾಡಿದರೆ ಅದೂ ಆ ನಕ್ಷೆಯ ಸಂತಾನವೇ. ಒಂದು ಕಾರ್ಯಾಗಾರದಲ್ಲಿ ಬಡಗಿಗಳಿಗೂ ಬೆತ್ತ ಹೆಣೆಯುವವರಿಗೂ ವರ್ಷವಿಡೀ ಕೆಲಸ ಸಿಗುತ್ತದೆ ಎಂದರೆ ಅದು ಸಣ್ಣ ಸಂಗತಿಯಲ್ಲ. ನನಗೆ ಒಗ್ಗದಿರುವುದು ಹೊಸ ಮರಕ್ಕೆ ಕಲೆ ಹಾಕಿ, ಅಂಚು ಸವೆಸಿ, ಹಳೆಯ ಸರಕಾರಿ ಅಕ್ಷರಗಳನ್ನು ಬರೆದು ಮುಪ್ಪು ತರಿಸುವ ಕೆಲಸ. ಹೊಸ ತೇಗದ ಹೊಂಬಣ್ಣ ಬಳಕೆಯಿಂದಲೇ ಕಂದಾಗಲಿ.

ಬೆಲೆಯ ಮಾತು ಬೇರೆ. ಹೆಸರಾಂತ ಸಂಸ್ಥೆಗಳ ಕೆಲವೇ ಕುರ್ಚಿಗಳನ್ನು ತಂದರೂ ನಮ್ಮಂಥ ವಾಚನಾಲಯದ ಒಂದು ವರ್ಷದ ಅನುದಾನ ಅಲ್ಲಿಗೇ ಮುಗಿದೀತು. ಒಳ್ಳೆಯ ಮರ, ಒಳ್ಳೆಯ ಕೂಲಿ, ಸಾಗಣೆ, ಮಳಿಗೆಯ ಬಾಡಿಗೆ ಎಲ್ಲವೂ ಸೇರಿ ಆ ಬೆಲೆ ಆಗುತ್ತದೆ. ಅವರು ಹೆಚ್ಚು ತೆಗೆದುಕೊಳ್ಳುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಆ ದಾರಿಯಲ್ಲಿ ಕುರ್ಚಿ ಸಾರ್ವಜನಿಕ ಕಟ್ಟಡವನ್ನು ತಲುಪದು.

ಬೇರೆ ಕಡೆ ಹೀಗಾಗಲಿಲ್ಲ. ಫಿನ್ಲೆಂಡಿನ ಆಲ್ವಾರ್ ಆಲ್ಟೊ 1933ರಲ್ಲಿ ರೂಪಿಸಿದ, ಬರ್ಚ್ ಮರದ ಮೂರು ಬಾಗಿದ ಕಾಲುಗಳ ಸ್ಟೂಲನ್ನು ವೀಪುರಿಯ ಗ್ರಂಥಾಲಯದಲ್ಲಿ ಸಾಲಾಗಿ ಇಟ್ಟಿದ್ದರು. ಆ ನಗರ ಯುದ್ಧದ ನಂತರ ಸೋವಿಯತ್ ಒಕ್ಕೂಟದ ಪಾಲಾಯಿತು, ಸ್ಟೂಲು ಮಾತ್ರ 1935ರಲ್ಲಿ ಸ್ಥಾಪನೆಯಾದ ಆರ್ಟೆಕ್ ಸಂಸ್ಥೆಯಲ್ಲಿ ಇಂದಿಗೂ ತಯಾರಾಗುತ್ತಿದೆ. ನಮ್ಮ ದೇಶದಲ್ಲಿಯೇ ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ವಸತಿಗೃಹವಿದೆ. ಅದರ ವಾಸ್ತುಶಿಲ್ಪಿ ಆಂಟನಿನ್ ರೇಮಂಡ್. 1930ರ ದಶಕದ ಕೊನೆಯಲ್ಲಿ ಅಲ್ಲಿದ್ದು ಕಟ್ಟಿಸಿದ ಜಾರ್ಜ್ ನಾಕಾಶಿಮಾ ಕೋಣೆಗಳಿಗೆ ತೇಗದ ಸರಳ ಪೀಠೋಪಕರಣಗಳನ್ನೂ ರೂಪಿಸಿದರು. ಅವನ್ನು ಅಲ್ಲಿನವರು ಒರೆಸಿ, ಜೋಪಾನವಾಗಿ ಬಳಸುತ್ತ ಬಂದಿದ್ದಾರೆ. ನಮ್ಮ ಕರಾವಳಿಯಷ್ಟೇ ಉಪ್ಪುಗಾಳಿ ಬೀಸುವ ಊರು ಅದು, ಆದುದರಿಂದ ಹವೆಯ ನೆಪ ಹೇಳುವಂತಿಲ್ಲ.

ನಾವೇ ಮಾಡಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ನಮ್ಮ 2000ದ ವಿನ್ಯಾಸ ಕಾಯಿದೆಯಲ್ಲಿ ನೋಂದಾಯಿತ ವಿನ್ಯಾಸಕ್ಕೆ ರಕ್ಷಣೆ ಹತ್ತು ವರ್ಷ, ನವೀಕರಿಸಿದರೆ ಮತ್ತೆ ಐದು ವರ್ಷ, ಒಟ್ಟು ಹದಿನೈದು. ನೋಂದಣಿಯಾಗದ, ಆದರೆ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ಅದರ ಒಡೆಯರು ಅಥವಾ ಅವರ ಒಪ್ಪಿಗೆ ಪಡೆದವರು ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಮೇಲಿನ ಕೃತಿಸ್ವಾಮ್ಯ ಅಲ್ಲಿಗೆ ಕೊನೆಗೊಳ್ಳುತ್ತದೆ ಎಂದು ಕೃತಿಸ್ವಾಮ್ಯ ಕಾಯಿದೆಯ ಹದಿನೈದನೇ ಸೆಕ್ಷನ್ ಹೇಳುತ್ತದೆ. ಎಪ್ಪತ್ತು ವರ್ಷ ಹಿಂದೆ ಸಾವಿರಗಟ್ಟಲೆ ತಯಾರಾದ ಈ ಕುರ್ಚಿಯನ್ನು ಭಾರತದಲ್ಲಿ ಯಾರು ಬೇಕಾದರೂ ಮಾಡಬಹುದು ಎಂದು ನಾನು ತಿಳಿದಿದ್ದೇನೆ. ಹಳೆಯ ಅಸಲಿ ಎಂದು ಸುಳ್ಳು ಹೇಳಿ ಮಾರಬಾರದು, ಇನ್ನೊಂದು ಸಂಸ್ಥೆಯ ಹೆಸರನ್ನು ಬಳಸಬಾರದು, ಅಷ್ಟೇ. ಸಾರ್ವಜನಿಕ ಹಣದಿಂದ ಸಾರ್ವಜನಿಕರಿಗಾಗಿ ಮಾಡಿದ ವಿನ್ಯಾಸ ಹೀಗೆ ಎಲ್ಲರದೂ ಆಗಿ ಉಳಿದಿರುವುದು ನ್ಯಾಯವಾಗಿಯೇ ಇದೆ.

ನಾನು ತೆಗೆದುಕೊಂಡ ಅಳತೆಗಳನ್ನೂ ಚಿತ್ರಗಳನ್ನೂ ನಮ್ಮೂರಿನ ಆಚಾರಿಯವರಿಗೆ ತೋರಿಸಿದೆ. ಅವರು ಫೋನಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿ ಹೇಳಿದ ಮೊದಲ ಮಾತು ಇದು: “ಟೀಚರೇ, ಕಾಲು ಕೆತ್ತುವುದು ದೊಡ್ಡ ಕೆಲಸ ಅಲ್ಲ. ಎರಡು ಬದಿಯ ಓರೆ ಒಂದೇ ಬರಬೇಕಲ್ಲ, ಅದಕ್ಕೆ ಮೊದಲು ಹಲಗೆಯಲ್ಲಿ ಒಂದು ಅಚ್ಚು ಮಾಡಿಕೊಳ್ಳಬೇಕು. ಅಚ್ಚು ಸರಿಯಾದರೆ ಮತ್ತೆ ಎಷ್ಟು ಬೇಕಾದರೂ ಮಾಡಬಹುದು.” ಮರದ ವಿಷಯದಲ್ಲಿ ಅವರ ಸಲಹೆ ನನಗೆ ಬಹಳ ಹಿಡಿಸಿತು. ಪೂರ್ತಿ ತೇಗವೇ ಆಗಬೇಕೆಂದರೆ ಖರ್ಚು ಏರುತ್ತದೆ. ಕಾಲು ಮತ್ತು ತೋಳುಗಳಿಗೆ ಬಲಿತ ಹಲಸು ಅಥವಾ ಹೆಬ್ಬಲಸು ಧಾರಾಳ ಸಾಕು. ನಮ್ಮ ಹಳೆಯ ಮನೆಗಳ ಬಾಗಿಲು ದಾರಂದಗಳು ಅದರಲ್ಲೇ ತಲೆಮಾರುಗಳಿಂದ ನಿಂತಿವೆ, ಹಳದಿ ಬಣ್ಣ ವರ್ಷಗಳು ಕಳೆದಂತೆ ಕಂದಿಗೆ ತಿರುಗಿ ಚೆಂದ ಕಾಣುತ್ತದೆ. ಸಾಲಾಗಿ ತೂತು ಕೊರೆಯಬೇಕಾದ ಆಸನದ ಮತ್ತು ಒರಗಿನ ಚೌಕಟ್ಟಿಗೆ ಮಾತ್ರ ತೇಗ ಬಳಸಬೇಕು, ಹಿಗ್ಗುವುದು ಕುಗ್ಗುವುದು ಅದರಲ್ಲಿ ಕಡಿಮೆ, ತೂತಿನಿಂದ ತೂತಿಗೆ ಸೀಳು ಹೋಗುವ ಭಯವೂ ಕಡಿಮೆ ಎಂದರು. ಚಂಡೀಗಢದವರು ಕೈಗೆ ಸಿಗುವ ಮರವನ್ನೇ ಬಳಸಿದರು. ಇಲ್ಲಿ ಕೈಗೆ ಸಿಗುವುದು ಹಲಸು.

ಮಳೆಯ ಪ್ರಶ್ನೆ ಇದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ನಾಡಿನಲ್ಲಿ ಜೂನ್ ತಿಂಗಳಿನಿಂದ ಬಾಗಿಲುಗಳೇ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತವೆ. ಮಳೆಗಾಲದಲ್ಲಿ ಜೋಡಿಸಿದ ಕುರ್ಚಿ ಬೇಸಗೆಯಲ್ಲಿ ಮರ ಒಣಗಿದಾಗ ಸಡಿಲವಾಗುತ್ತದೆ, ಆದುದರಿಂದ ದೀಪಾವಳಿ ಕಳೆದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ಬೆತ್ತಕ್ಕೆ ಆಷಾಢದಲ್ಲಿ ಬೂಸಲು ಹಿಡಿಯುತ್ತದೆ ಎಂದು ಸಮಿತಿಯ ಒಬ್ಬರು ಆಕ್ಷೇಪ ಎತ್ತಿದರು. ಅದು ನಿಜ. ಒಣ ಬಟ್ಟೆಯಿಂದ ಒರೆಸಿ ಗಾಳಿಯಾಡುವಲ್ಲಿ ಇಟ್ಟರೆ ಹೋಗುತ್ತದೆ, ಬಾಗಿಲು ಮುಚ್ಚಿ ತಿಂಗಳುಗಟ್ಟಲೆ ಬಿಟ್ಟರೆ ಹೋಗುವುದಿಲ್ಲ. ದಿನಾ ಜನ ಬಂದು ಕೂರುವ ವಾಚನಾಲಯದಲ್ಲಿ ಆ ತೊಂದರೆ ಹೆಚ್ಚಾಗದು. ಕೂತು ಕೂತು ಜೋತ ಬೆತ್ತವನ್ನು ಅಡಿಯಿಂದ ಬಿಸಿನೀರಿನ ಬಟ್ಟೆಯಲ್ಲಿ ಒದ್ದೆ ಮಾಡಿ ನೆರಳಲ್ಲಿ ಒಣಗಿಸಿದರೆ ಮತ್ತೆ ಬಿಗಿಯಾಗುತ್ತದೆ ಎಂಬುದನ್ನೂ ಅವರಿಗೆ ತಿಳಿಸಿದೆ. ಬೆತ್ತದ ಬದಲು ಪ್ಲಾಸ್ಟಿಕ್ ವಯರು ಹಾಕಿದರೆ ಅಗ್ಗವೂ ಆಗುತ್ತದೆ, ಬೂಸಲೂ ಬರುವುದಿಲ್ಲ ಎಂಬ ಸೂಚನೆಗೆ ಮಾತ್ರ ನಾನು ಒಪ್ಪಲಿಲ್ಲ. ವಯರು ಬಿಸಿಗೆ ಹಿಗ್ಗಿ ಜೋಲುತ್ತದೆ, ಬೆನ್ನು ಬೆವರುತ್ತದೆ.

ಎಲ್ಲರಿಗೂ ಪ್ರಿಯವಾದ ತೋಳಿನ ಕುರ್ಚಿಯೇ ನಮಗೆ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಅದರ ಅಗಲ ಹೆಚ್ಚು, ತೋಳು ಮೇಜಿಗೆ ತಾಗುವುದರಿಂದ ಒಳಕ್ಕೆ ತಳ್ಳಲಾಗದು, ನಮ್ಮ ಕೋಣೆ ಚಿಕ್ಕದು. ಮಕ್ಕಳು ಬರೆಯುವ ಮೇಜಿನ ಸುತ್ತ ಅದೇ ಕುಟುಂಬದ ತೋಳಿಲ್ಲದ, ಕಿರಿದ ಕುರ್ಚಿಗಳು ಸಾಕು. ಪತ್ರಿಕೆ ಅಗಲಿಸಿ ಹಿಡಿದು ಓದುವ, ಎದ್ದೇಳುವಾಗ ಕೈ ಊರಲು ಆಧಾರ ಬೇಕಾದ ಹಿರಿಯರಿಗಾಗಿ ಕಿಟಕಿಯ ಬಳಿ ಕೆಲವು ತೋಳಿನವು ಇರಲಿ. ಪ್ರತಿ ಕುರ್ಚಿಯ ಹಿಂದೆ ವಾಚನಾಲಯದ ಹೆಸರು, ಮಾಡಿದ ವರ್ಷ, ಸ್ಟಾಕ್ ರಿಜಿಸ್ಟರಿನ ಸಂಖ್ಯೆ, ಅವುಗಳ ಜೊತೆಗೆ ಮಾಡಿದ ಆಚಾರಿಯವರ ಹೆಸರನ್ನೂ ಬಣ್ಣದಲ್ಲಿ ಬರೆಸಬೇಕೆಂದು ನನ್ನ ಆಸೆ. ಆಚಾರಿಯವರ ಅಭಿಪ್ರಾಯ ಕೇಳದೆ ಯಾವ ಕುರ್ಚಿಯನ್ನೂ ರಿಜಿಸ್ಟರಿನಿಂದ ಹೊಡೆದುಹಾಕಬಾರದು ಎಂಬ ಒಂದು ಸಾಲು ಸಮಿತಿಯ ನಡವಳಿಯಲ್ಲಿ ಸೇರಬೇಕೆಂದೂ ಕೇಳಲಿದ್ದೇನೆ.

ಸದ್ಯ ಆಚಾರಿಯವರೂ ನಾನೂ ಒಪ್ಪಿಕೊಂಡಿರುವುದು ಇಷ್ಟು: ಮೊದಲು ಒಂದು ತೋಳಿಲ್ಲದ ಕುರ್ಚಿಯನ್ನು ಮಾದರಿಗಾಗಿ ಮಾಡಿ, ಒಂದು ಮಳೆಗಾಲ ಪೂರ್ತಿ ವಾಚನಾಲಯದಲ್ಲಿ ಜನರ ಬಳಕೆಗೆ ಬಿಟ್ಟು, ಏನೇನು ಸಡಿಲವಾಯಿತು ಎಂದು ನೋಡಿದ ಮೇಲೆ ಉಳಿದವುಗಳಿಗೆ ಮರ ಕೊಯ್ಯಿಸುವುದು. ಮುಂದಿನ ಸಭೆಯಲ್ಲಿ ಇದನ್ನೇ ಮಂಡಿಸುತ್ತೇನೆ. ಈಗ ಕೊರತೆ ಇರುವುದು ಬೆತ್ತದ ಕೆಲಸದವರದು. ತೂತಿನ ಬೆತ್ತ ಹೆಣೆಯಬಲ್ಲವರು ಕುಂಬಳೆ, ಮಂಜೇಶ್ವರ, ಮುಳ್ಳೇರಿಯ ಅಥವಾ ಗಡಿ ದಾಟಿ ಪುತ್ತೂರು, ವಿಟ್ಲ ಕಡೆ ಈಗಲೂ ಇದ್ದರೆ, ಅವರು ವೃದ್ಧರಾಗಿದ್ದು ಈಗ ಹೆಣೆಯದಿದ್ದರೂ ನಮ್ಮೂರಿನ ಇಬ್ಬರು ಮೂವರು ಯುವಕ ಯುವತಿಯರಿಗೆ ಕಲಿಸಲು ಒಪ್ಪುವವರಾಗಿದ್ದರೆ, ದಯವಿಟ್ಟು ನನಗೆ ತಿಳಿಸಿ. ಅವರಿರುವಲ್ಲಿಗೇ ನಾವು ಬರುತ್ತೇವೆ.